ಮಗಳ ಮನೆ ಸೇರಿದ ತಾಯೂರು

ಬೆಂಗಳೂರನ್ನು ಕಟ್ಟಿದವರಾರೆಂದು ಕೇಳಿದರೆ ಮೂರನೆಯ ತರಗತಿಯ ಹುಡುಗನೂ ಕೆಂಪೇಗೌಡರೆಂದು ಥಟ್ಟನೆ ಹೇಳಿಬಿಡುತ್ತಾನೆ. ಆ ಕೆಂಪೇಗೌಡರು ಬೆಂಗಳೂರನ್ನು ಕಟ್ಟುವುದಕ್ಕೆ ಮುಂಚೆ ಯಾವ ಊರಿನಲ್ಲಿದ್ದರೆಂದು ಕೇಳಿದರೆ ಮಾತ್ರ ಪದವಿ ತರಗತಿಯ ವಿದ್ಯಾರ್ಥಿಗಳೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ನನ್ನ ತರಗತಿಯಲ್ಲಿ ಒಮ್ಮೆ ಹೀಗೆ ಕೇಳಿದಾಗ, ದಿನವೂ ಯಲಹಂಕದಿಂದಲೇ ಬಸ್ಸು ಹತ್ತಿ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಮಾಗಡಿ ಅಲ್ವಾ ಸಾರ್?” ಎಂದಳು. ಮಾಗಡಿ ಆ ವಂಶದ ಕೊನೆಯ ನೆಲೆ. ಮೊದಲಿನದು ಅವಳದೇ ಊರು. ಅವಳನ್ನು ದೂರಿ ಪ್ರಯೋಜನವಿಲ್ಲ. ಊರಿನ ಬಸ್ ನಿಲ್ದಾಣದಲ್ಲಾಗಲಿ, ಅದರ ಮೇಲೆ ಹಾದುಹೋಗುವ ವಿಮಾನ ನಿಲ್ದಾಣದ ಹೆದ್ದಾರಿಯಲ್ಲಾಗಲಿ ನಿಂತು ನೋಡಿದವರಿಗೆ, ಇದು ಒಂದು ಕಾಲಕ್ಕೆ ರಾಜಧಾನಿಯಾಗಿತ್ತೆಂದು ನಂಬಿಕೆ ಹುಟ್ಟಿಸುವಂಥದು ಏನೂ ಕಾಣುವುದಿಲ್ಲ.

ಬೆಂಗಳೂರಿನ ಮಧ್ಯದಿಂದ ಉತ್ತರಕ್ಕೆ ಸುಮಾರು 16 ಕಿಲೋಮೀಟರು ದೂರದಲ್ಲಿದೆ ಯಲಹಂಕ. ಈಗ ಅದನ್ನು ಊರೆನ್ನುವವರು ವಿರಳ, ಬಡಾವಣೆ ಎನ್ನುತ್ತಾರೆ. ಅದರ ಒಂದು ಭಾಗಕ್ಕೆ ಸರ್ಕಾರದವರು ಇಟ್ಟ ಹೆಸರೇ ‘ಉಪನಗರ’. ನಗರವನ್ನು ಹೆತ್ತ ಊರು ನಗರಕ್ಕೇ ಉಪವಾಗಿ ಕುಳಿತಿರುವುದನ್ನು ಕಂಡಾಗ, ಮುಪ್ಪಿನಲ್ಲಿ ಮಗಳ ಮನೆ ಸೇರಿ, ಹಿತ್ತಿಲ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡ ತಾಯಿಯ ನೆನಪಾಗುತ್ತದೆ.

ಹೆಸರಿನಿಂದಲೇ ಆರಂಭಿಸೋಣ. ಕನ್ನಡ ಮೇಷ್ಟರಿಗೆ ಹೆಸರು ಸಿಕ್ಕಿದರೆ ಸುಮ್ಮನೆ ಬಿಡುವ ಅಭ್ಯಾಸವಿಲ್ಲವೆಂಬುದನ್ನು ವಾಚಕರು ಕ್ಷಮಿಸಬೇಕು. ಚೋಳರು ಈ ಸೀಮೆಯನ್ನು ಆಳಿದ ಕಾಲದ ತಮಿಳು ಶಾಸನಗಳಲ್ಲಿ ಈ ನಾಡಿಗೆ ‘ಇಲೈಪಾಕ್ಕ ನಾಡು’ ಎಂಬ ಹೆಸರಿದೆ. ಬಿ. ಎಲ್. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನೆಲ್ಲ ಸಂಗ್ರಹಿಸಿ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವನ್ನು ತಿರುವಿದರೆ ಈ ಸೀಮೆಯ ಹಳೆಯ ಹೆಸರುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ತಮಿಳಿನಲ್ಲಿ ಪಾಕ್ಕಂ ಎಂದರೆ ನೆಲೆ, ಊರು. ಮದರಾಸಿನ ನುಂಗಂಬಾಕ್ಕಂ ಮುಂತಾದ ಹೆಸರುಗಳಲ್ಲಿರುವುದು ಇದೇ. ಕನ್ನಡದ ಬಾಯಿಯಲ್ಲಿ ಕಾಲಕ್ರಮೇಣ ಪಕಾರ ಹಕಾರವಾಯಿತಷ್ಟೆ: ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಪಕ್ಕವೂ ಹಾಗೆಯೇ ಹಕ್ಕವಾಗಿ, ಬಳಿಕ ಮೂಗಿನ ದನಿಯೊಂದು ಸೇರಿ ಹಂಕವಾಯಿತು ಎನ್ನಬಹುದು.

ಪಕ್ಕದ ಹೆಬ್ಬಾಳದ ಕಥೆಯೂ ಇದೇ ಬಗೆಯದು. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು. ವಿದ್ವಾಂಸರು ಅದನ್ನು ಸುಮಾರು ಕ್ರಿ. ಶ. 750ರದೆಂದು ಎಣಿಸಿದ್ದಾರೆ. ಕಿತ್ತಯ್ಯನೆಂಬ ವೀರ ಹೋರಾಡಿ ಮಡಿದುದನ್ನು ಹೇಳುವ ಆ ಕಲ್ಲು ‘ಪೆರ್ಬೊಳಲ್ ನಾಡ’ನ್ನು ಹೆಸರಿಸುತ್ತದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಿರಿಯ ಪಟ್ಟಣವೆಂಬ ಅರ್ಥದ ಪೆರ್ಬೊಳಲೇ ಇಂದಿನ ಹೆಬ್ಬಾಳ. ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಇದಕ್ಕಿಂತ ಹಳೆಯದು ಈವರೆಗೆ ಸಿಕ್ಕಿಲ್ಲ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಎಂಟುನೂರು ವರ್ಷಗಳ ಹಿಂದೆಯೇ ಇಲ್ಲಿ ಒಂದು ‘ಹಿರಿಯ ಪಟ್ಟಣ’ವಿತ್ತು, ಅದರ ಜನ ಕನ್ನಡದಲ್ಲಿ ತಮ್ಮ ವೀರರನ್ನು ಹೊಗಳಿ ಕಲ್ಲು ನೆಡುತ್ತಿದ್ದರು ಎಂಬುದು ಅಲ್ಪ ಸಂಗತಿಯಲ್ಲ. ಈಗ ಹೆಬ್ಬಾಳವೆಂದರೆ ಮೇಲ್ಸೇತುವೆ, ಮೇಲ್ಸೇತುವೆಯೆಂದರೆ ವಾಹನಗಳ ಸಾಲು. ಕಿತ್ತಯ್ಯನ ಹೆಸರು ಬಲ್ಲವರು ಆ ಸಾಲಿನಲ್ಲಿ ಎಷ್ಟು ಮಂದಿ ಇದ್ದಾರು!

ಯಲಹಂಕದ ನಾಡಪ್ರಭುಗಳ ಕಥೆ ಅಲ್ಲಿಂದ ಉತ್ತರಕ್ಕೆ, ದೇವನಹಳ್ಳಿಯಾಚೆಯ ಅವತಿಯಲ್ಲಿ ಮೊದಲಾಗುತ್ತದೆ. ಕಂಚಿಯ ಕಡೆಯಿಂದ ಏಳು ಮಂದಿ ಒಕ್ಕಲಿಗರು ತಮ್ಮ ಸಂಸಾರಗಳನ್ನು ಬಂಡಿಗಳಲ್ಲಿ ಕೂರಿಸಿಕೊಂಡು, ರಾತ್ರೋರಾತ್ರಿ ಊರು ಬಿಟ್ಟು ಬಂದು, ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂಡಿಗಳ ಕೊರಳು ಬಿಚ್ಚಿದರೆಂದು ಐತಿಹ್ಯ. ಮನೆಯ ಹೆಣ್ಣುಮಗಳನ್ನು ತಾನು ಮದುವೆಯಾಗಬೇಕೆಂದು ಅಲ್ಲಿಯ ಪಾಳೆಯಗಾರನೊಬ್ಬನು ಹಟ ಹಿಡಿದದ್ದೇ ಅವರು ಊರು ಬಿಡುವುದಕ್ಕೆ ಕಾರಣವಂತೆ. ಆ ಹೆಣ್ಣುಮಗಳ ಹೆಸರನ್ನು ಜನ ದೊಡ್ಡಮ್ಮನೆಂದು ಇಂದಿಗೂ ಹೇಳುತ್ತಾರೆ. ಮಗಳ ಮಾನಕ್ಕಾಗಿ ಊರು ಬಿಟ್ಟವರ ಸಂತತಿಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳು ಹುಟ್ಟಿದವು. ಒಂದು ಕವಲು ದಕ್ಷಿಣಕ್ಕೆ ಬಂದು ಯಲಹಂಕದಲ್ಲಿ ನೆಲೆಸಿತು. ಹೀಗೆ ಬಂದ ಜಯಗೌಡನು 1418ರಲ್ಲಿ ಯಲಹಂಕ ನಾಡಪ್ರಭುವೆಂಬ ಬಿರುದಿನಿಂದ, ವಿಜಯನಗರದ ಅರಸರಿಗೆ ಅಧೀನನಾಗಿ ಆಳತೊಡಗಿದನೆಂದು ಹೇಳುತ್ತಾರೆ. ಕೆಂಪನಂಜೇಗೌಡನ ಮಗ ಹಿರಿಯ ಕೆಂಪೇಗೌಡರು ಪಟ್ಟಕ್ಕೆ ಬಂದದ್ದು 1513ರಲ್ಲಿ.

ಅವರು ಬೇಟೆಗೆಂದು ಹೆಸರಘಟ್ಟದ ಕಡೆಗೆ ಹೋದಾಗ ಹೊಸ ನಗರದ ಕನಸು ಕಂಡರೆಂಬ ಕಥೆ ಪ್ರಸಿದ್ಧವಾದದ್ದು. ಮೊಲವೊಂದು ಬೇಟೆನಾಯಿಯನ್ನು ಅಟ್ಟಿಸಿಕೊಂಡು ಹೋದ ಕಥೆಯೂ ಉಂಟು. ಆದರೆ ನಮ್ಮ ನಾಡಿನಲ್ಲಿ ಆ ಮೊಲ ಓಡದ ರಾಜಧಾನಿಯೇ ಇಲ್ಲವಾದ್ದರಿಂದ ಅದನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ರೂಢಿಯಲ್ಲಿ ಒಪ್ಪಿರುವಂತೆ 1537ರಲ್ಲಿ ಮಣ್ಣಿನ ಕೋಟೆ ಎದ್ದಿತು, ಪೇಟೆಗಳು ಹುಟ್ಟಿದವು. ಹೊಸ ಊರಿಗೆ ಇಟ್ಟ ಹೆಸರೂ ಇತ್ತಕಡೆಯದೇ. ಹೆಬ್ಬಾಳದ ಬಳಿ ಕೊಡಿಗೇಹಳ್ಳಿಗೆ ಹೊಂದಿಕೊಂಡಿದ್ದ ಹಳೇಬೆಂಗಳೂರು ಗೌಡರ ತಾಯಿಯ ಹಾಗೂ ಹೆಂಡತಿಯ ತವರೂರಾಗಿತ್ತೆಂದೂ, ಆ ಪ್ರೀತಿಯಿಂದಲೇ ಹೊಸ ನಗರಕ್ಕೆ ಬೆಂಗಳೂರೆಂದು ಹೆಸರಾಯಿತೆಂದೂ ಪ್ರತೀತಿ. ಬೆಂಗಳೂರೆಂಬ ಹೆಸರು ಇವೆಲ್ಲಕ್ಕಿಂತ ಹಳೆಯದೆಂಬುದಕ್ಕೆ ಬೇಗೂರಿನ ಒಂಬತ್ತನೆಯ ಶತಮಾನದ ವೀರಗಲ್ಲೇ ಸಾಕ್ಷಿ. ಆದರೂ ತವರಿನ ಹೆಸರನ್ನು ರಾಜಧಾನಿಗಿಟ್ಟ ಗೃಹಸ್ಥನ ಕಥೆ ನಮ್ಮ ಮನೆಯ ಹೆಂಗಸರಿಗೆ ಶಾಸನಕ್ಕಿಂತ ಹೆಚ್ಚು ಪ್ರಿಯವಾದದ್ದು. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಕೋಟೆ ಎದ್ದ ಮೇಲೆ ಗೌಡರು ಅಲ್ಲಿಗೆ ಹೋದರು. ಅಂದಿನಿಂದ ಯಲಹಂಕ ಹಿಂದುಳಿಯಿತು. ಬೈರವನ ಹೆಸರಿನಲ್ಲಿ ಸ್ವಂತ ನಾಣ್ಯ ಟಂಕಿಸಿದರೆಂಬ ಕಾರಣಕ್ಕೆ ಅಳಿಯ ರಾಮರಾಯನು ಅವರನ್ನು ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಿಟ್ಟದ್ದು, 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದಾಗ ಆ ವಂಶದವರು ಮಾಗಡಿಗೆ ಸರಿದದ್ದು, ಇವೆಲ್ಲ ಪಠ್ಯಪುಸ್ತಕದ ಸಂಗತಿಗಳು. ಇವುಗಳಲ್ಲಿ ಯಲಹಂಕದ ಹೆಸರು ಬಿರುದಿನಲ್ಲಿ ಮಾತ್ರ ಉಳಿದುಕೊಂಡಿತು. ನಾಡು ಕೈತಪ್ಪಿದ ಮೇಲೂ ಅವರು ಯಲಹಂಕ ನಾಡಪ್ರಭುಗಳೇ.

ಮುಂದಿನ ಇನ್ನೂರೈವತ್ತು ವರ್ಷ ಊರು ತನ್ನ ಪಾಡಿಗೆ ತಾನು ರಾಗಿ ಬೆಳೆಯಿತು, ಸಂತೆ ಮಾಡಿತು. 1890ರ ದಶಕದಲ್ಲಿ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ರೈಲುದಾರಿ ಹಾಯಿತು. ಅದಾದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಬಂದು, ಕೋಲಾರದ ಹಳಿಯನ್ನು ಕೂಡಿಕೊಂಡಿತು. ಊರು ಜಂಕ್ಷನ್ ಆಯಿತು. ಈ ಹಳಿ ಹಿಡಿದ ದಾರಿಯನ್ನು ನಕ್ಷೆಯಲ್ಲಿ ನೋಡಿದಾಗ ನನಗೆ ಸೋಜಿಗವಾಯಿತು. ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ: ಏಳು ಬಂಡಿಗಳ ಸಂತತಿ ಯಾವ ದಾರಿಯಲ್ಲಿ ದಕ್ಷಿಣಕ್ಕೆ ಇಳಿದು ಬಂತೋ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ರೈಲು ಮೇಲಕ್ಕೆ ಹತ್ತುತ್ತದೆ.

ಹೆಬ್ಬಾಳಕ್ಕೆ ಆ ಕಾಲದಲ್ಲಿ ಬಂದದ್ದು ರೈತನ ವಿದ್ಯೆ. 1899ರಲ್ಲಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜ್ಯಭಾರ ವಹಿಸಿದ್ದಾಗ, ಅಲ್ಲಿ ಪ್ರಾಯೋಗಿಕ ಜಮೀನು ಆರಂಭವಾಯಿತು. ರಸಾಯನಶಾಸ್ತ್ರಜ್ಞ ಲೆಹ್‌ಮನ್ನರು ಮಣ್ಣಿನ ಪರೀಕ್ಷೆಗೆ ತೊಡಗಿದರು. ಬಳಿಕ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಿಕೆಯನ್ನು ತಿನ್ನುತ್ತಿದ್ದ ಕೊಳೆರೋಗಕ್ಕೆ ಸುಣ್ಣ ಮತ್ತು ಮೈಲುತುತ್ತದ ದ್ರಾವಣವನ್ನು ಸಿಂಪಡಿಸುವ ಉಪಾಯವನ್ನು ಪ್ರಚಾರಕ್ಕೆ ತಂದವರು. 1913ರಲ್ಲಿ ವ್ಯವಸಾಯ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹೀಗೆ ಬೆಳೆದು ಬಂದ ಆ ವಿದ್ಯೆಯ ಇನ್ನೊಂದು ನೆಲೆಯೇ ಯಲಹಂಕದ ದಾರಿಯಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಸುತ್ತಲೂ ಕಾಂಕ್ರೀಟು ಬೆಳೆದಿರುವಾಗ ಜಿ.ಕೆ.ವಿ.ಕೆ.ಯ ಆವರಣದಲ್ಲಿ ಮಾತ್ರ ರಾಗಿಯ ಪೈರು ಗಾಳಿಗೆ ತೂಗುವುದನ್ನು ಇಂದಿಗೂ ನೋಡಬಹುದು. ವರ್ಷಕ್ಕೊಮ್ಮೆ ಕೃಷಿ ಮೇಳವಾದಾಗ ದೂರದ ಜಿಲ್ಲೆಗಳಿಂದ ರೈತರು ಬಂದಿಳಿಯುತ್ತಾರೆ. ಅಕ್ಕಪಕ್ಕದ ಊರುಗಳಿಂದ ಬರಬೇಕಾದ ರೈತರು ಎಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಆಕಾಶದ ವ್ಯವಹಾರ ಆಮೇಲಿನದು. ಜಕ್ಕೂರಿನಲ್ಲಿ, ಜಯಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ, 1948ರಲ್ಲಿ ವಿಮಾನ ಹಾರಾಟದ ಶಾಲೆ ಸ್ಥಾಪಿತವಾಯಿತು. 1963ರಲ್ಲಿ ಯಲಹಂಕದ ವಾಯುಪಡೆಯ ನೆಲೆ ಬಂತು. 1996ರಿಂದ ಅಲ್ಲಿ ನಡೆಯುತ್ತಿರುವ ವೈಮಾನಿಕ ಪ್ರದರ್ಶನವನ್ನು ಕಾಣದ ಬೆಂಗಳೂರಿನ ಮಗುವಿಲ್ಲ. ಟಿಕೇಟು ಕೊಳ್ಳಲಾರದವರು ಬುತ್ತಿ ಕಟ್ಟಿಕೊಂಡು ರಸ್ತೆಬದಿಯಲ್ಲಿ, ಮನೆಗಳ ತಾರಸಿಯಲ್ಲಿ ಕುಳಿತು ನೋಡುತ್ತಾರೆ. 2019ರ ಪ್ರದರ್ಶನಕ್ಕೆ ಮುನ್ನಾದಿನ ಅಭ್ಯಾಸದಲ್ಲಿ ಎರಡು ವಿಮಾನಗಳು ಢಿಕ್ಕಿ ಹೊಡೆದು ಒಬ್ಬ ಚಾಲಕ ಮಡಿದನು. ಅದೇ ವಾರ ವಾಹನ ನಿಲ್ಲಿಸುವ ಬಯಲಿನಲ್ಲಿ ಬೆಂಕಿ ಹಬ್ಬಿ ಸುಮಾರು ಮುನ್ನೂರು ಕಾರುಗಳು ಸುಟ್ಟುಹೋದವು.

ಇಷ್ಟೆಲ್ಲ ಬಂದರೂ ಯಲಹಂಕ ಬಹುಕಾಲ ಊರಾಗಿಯೇ ಇತ್ತು. ಅದು ಬದಲಾದದ್ದು ಎರಡು ಹೊಡೆತಗಳಲ್ಲಿ ಎಂದು ನನ್ನ ಎಣಿಕೆ. ಮೊದಲನೆಯದು, ಕರ್ನಾಟಕ ಗೃಹ ಮಂಡಳಿಯವರು ಉಪನಗರವನ್ನು ಕಟ್ಟಿದ್ದು ಹಾಗೂ 1984ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ರೈಲ್ವೆ ಗಾಲಿ ಮತ್ತು ಅಚ್ಚು ಕಾರ್ಖಾನೆ. ಈ ಕಾರ್ಖಾನೆಯ ಕೆಲಸ ಸ್ವಾರಸ್ಯವಾದದ್ದು. ದೇಶದ ಮೂಲೆಮೂಲೆಯಿಂದ ಸವೆದ ಗಾಲಿಗಳೂ ರೈಲ್ವೆಯ ಗುಜರಿ ಕಬ್ಬಿಣವೂ ಇಲ್ಲಿಗೆ ಬರುತ್ತವೆ. ವಿದ್ಯುತ್ ಕುಲುಮೆಯಲ್ಲಿ ಕರಗುತ್ತವೆ. ಕರಗಿದ ಉಕ್ಕು ಗಾಳಿಯ ಒತ್ತಡದಿಂದ ಕೆಳಗಿನಿಂದ ಮೇಲಕ್ಕೇರಿ ಗ್ರಾಫೈಟಿನ ಅಚ್ಚುಗಳನ್ನು ತುಂಬಿ ಹೊಸ ಗಾಲಿಯಾಗುತ್ತದೆ. ಕೆಲಸಕ್ಕೆ ಬಂದವರು ಉಪನಗರದಲ್ಲಿ ಮನೆ ಮಾಡಿದರು. ಅವರ ಮಕ್ಕಳು ಇಲ್ಲೇ ಓದಿದರು. ಆ ಬದಲಾವಣೆಯನ್ನು ಊರು ತಾಳಿಕೊಂಡಿತು. ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ ಹೊಸದು. ಇಬ್ಬರೂ ಒಂದೇ ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದರು.

ಎರಡನೆಯ ಹೊಡೆತ ಬಲವಾದದ್ದು. 2007ರಲ್ಲಿ ಯಲಹಂಕದ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಕರಗಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರನ್ನಿಟ್ಟರು. ಹೆಬ್ಬಾಳದಿಂದ ಯಲಹಂಕದವರೆಗೆ ಕಂಬಗಳ ಮೇಲೆ ರಸ್ತೆ ಎದ್ದಿತು. ನೀಲಿ ದ್ರಾಕ್ಷಿಯ ಚಪ್ಪರ, ಹೂವಿನ ತೋಟ, ರಾಗಿಯ ಹೊಲಗಳಿಗೆ ಚದರಡಿಯ ಲೆಕ್ಕದಲ್ಲಿ ಬೆಲೆ ಬಂತು. ಕೆಂಪೇಗೌಡರ ಹೆಸರಿನ ನಿಲ್ದಾಣಕ್ಕೆ ಹೋಗುವ ದೇಶವಿದೇಶಗಳ ಪ್ರಯಾಣಿಕರು ಕೆಂಪೇಗೌಡರ ಊರಿನ ತಲೆಯ ಮೇಲೆ ಗಂಟೆಗೆ ಎಂಬತ್ತು ಕಿಲೋಮೀಟರು ವೇಗದಲ್ಲಿ ಹಾದುಹೋಗುತ್ತಾರೆ. 2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದಾಗ ಯಲಹಂಕವು ಉತ್ತರದ ಪಾಲಿಕೆಗೆ ಸೇರಿತು.

ಕಳೆದ ಚಳಿಗಾಲದ ಒಂದು ಭಾನುವಾರ ಹಳೆಯ ಪೇಟೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದೆ. ಸಂತೆ ಸರ್ಕಲ್ಲಿನಿಂದ ಒಳಕ್ಕೆ ಹೋದರೆ ಬೀದಿಗಳು ಇನ್ನೂ ಇಕ್ಕಟ್ಟು. ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ, ಮರದ ಕಂಬ, ಜಗಲಿ. ಹೆಚ್ಚಿನವಕ್ಕೆ ಮೂರಂತಸ್ತಿನ ಹೊಸ ಮುಖ ಬಂದಿದೆ. ಅಂಗಡಿಯೊಂದರ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದ ವೃದ್ಧರೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, “ಯಾವ ಮನೆ ಬೇಕಿತ್ತು ಸ್ವಾಮಿ?” ಎಂದು ಕೇಳಿದರು.

“ಮನೆಯಲ್ಲ ಯಜಮಾನರೇ, ಕೋಟೆ ಎಲ್ಲಿತ್ತು ಅಂತ ನೋಡೋಣ ಅಂತ ಬಂದೆ.”

ಅವರು ನಕ್ಕರು. “ಕೋಟೆ ಹುಡುಕ್ಕೊಂಡು ಬರೋರು ಆಗೊಬ್ರು ಈಗೊಬ್ರು ಬರ್ತಾರೆ. ಕಲ್ಲು ಯಾರ್ಯಾರ ಮನೆ ತಳಪಾಯಕ್ಕೆ ಹೋಯ್ತೋ ಏನೋ. ಕೋಟೆ ಬಿಡಿ ಮೇಷ್ಟ್ರೇ, ಕೆರೆ ನೋಡಿದ್ರಾ? ಗೌಡರ ಕಾಲದ್ದು ಅಂತ ಇರೋದು ಅದೊಂದೇ. ಅದ್ಕೂ ಈಗ ಕಾಲ ಬಂದೈತೆ.”

ನಾನು ಮೇಷ್ಟರೆಂಬುದು ಅವರಿಗೆ ಹೇಗೆ ತಿಳಿಯಿತೆಂದು ಕೇಳಲಿಲ್ಲ. ಕೆರೆ ಯಾರ ಕಾಲದ್ದಾದರೂ ಆಗಿರಲಿ, ಆ ಮಾತಿನಲ್ಲಿ ತೂಕವಿತ್ತು. ಈ ಸೀಮೆಗೆ ನದಿಯಿಲ್ಲ. ಮಳೆಯ ನೀರನ್ನು ಹಿಡಿದು ನಿಲ್ಲಿಸದೆ ಇಲ್ಲಿ ಊರು ಬಾಳುವಂತೆಯೇ ಇರಲಿಲ್ಲ. ಆದ್ದರಿಂದ ನಮ್ಮ ಹಿರಿಯರು ಕೆರೆಗಳನ್ನು ಬಿಡಿಬಿಡಿಯಾಗಿ ಕಟ್ಟದೆ ಸರಪಣಿಯಂತೆ ಕಟ್ಟಿದರು. ತಗ್ಗಿಗೆ ಅಡ್ಡಲಾಗಿ ಏರಿ. ಗದ್ದೆಗೆ ನೀರು ಬಿಡಲು ತೂಬು. ಹೆಚ್ಚಾದದ್ದು ಹೊರಬೀಳಲು ಕೋಡಿ. ಕೋಡಿಯ ನೀರನ್ನು ಮುಂದಿನ ಕೆರೆಗೆ ಒಯ್ಯಲು ಕಾಲುವೆ. ತೂಬು ಎತ್ತುವುದಕ್ಕೆ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ತೀರ್ಮಾನಿಸುವುದಕ್ಕೆ ಊರಿಗೊಬ್ಬ ನೀರುಗಂಟಿ. ಕೆರೆ ಕೋಡಿ ಬಿದ್ದರೆ ಊರ ಹೆಂಗಸರು ಬಾಗಿನ ಅರ್ಪಿಸುತ್ತಿದ್ದರು. ಅಲ್ಲಾಳಸಂದ್ರದ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಹೀಗೆ ಕೆರೆಯಿಂದ ಕೆರೆಗಿಳಿದು ಹೋದ ನೀರು ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುವುದು ಈ ಕಣಿವೆಯ ಕ್ರಮ.

ಗದ್ದೆಗಳು ಹೋದ ಮೇಲೆ ತೂಬಿಗೆ ಕೆಲಸವಿಲ್ಲ. ತೂಬಿಗೆ ಕೆಲಸವಿಲ್ಲದ ಮೇಲೆ ನೀರುಗಂಟಿಗೂ ಇಲ್ಲ. ಆದರೆ ಕೋಡಿಗೆ ನಿವೃತ್ತಿಯಿಲ್ಲವೆಂಬುದನ್ನು ಮನೆ ಕಟ್ಟಿದವರು ಮರೆತರು. 2021ರ ನವೆಂಬರಿನಲ್ಲಿ ಎಡೆಬಿಡದೆ ಮಳೆ ಸುರಿದು ಯಲಹಂಕದ ಕೆರೆ ತುಂಬಿ ಹರಿದಾಗ, ಕೇಂದ್ರೀಯ ವಿಹಾರವೆಂಬ ದೊಡ್ಡ ವಸತಿ ಸಮುಚ್ಚಯದೊಳಕ್ಕೆ ನೀರು ನುಗ್ಗಿತು. ನೆಲಮಾಳಿಗೆಯ ವಾಹನಗಳು ಮುಳುಗಿದವು; ಜನರನ್ನು ದೋಣಿಗಳಲ್ಲೂ ಟ್ರ್ಯಾಕ್ಟರುಗಳಲ್ಲೂ ಸಾಗಿಸಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಕಥೆ, ಅದೇ ದೋಣಿಗಳು. ಅದೇ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದರೆಂಬುದನ್ನು ನೆನೆದರೆ, ಒಂದೇ ವರ್ಷದಲ್ಲಿ ಒಂದೇ ನಗರ ನೀರಿಲ್ಲದೆಯೂ ನೀರಿನಿಂದಲೂ ಗೋಳಾಡಿತು. ತಪ್ಪು ಮಳೆಯದಲ್ಲ. ಉಳಿತಾಯ ಮಾಡಿ, ಸಾಲ ತೆಗೆದು ಮನೆ ಕೊಂಡ ಸಂಸಾರಸ್ಥರದೂ ಅಲ್ಲ. ನೀರು ಹೋಗುವ ದಾರಿ ಯಾವುದೆಂದು ನೀರುಗಂಟಿಗೆ ಗೊತ್ತಿತ್ತು. ನಕ್ಷೆಗೆ ಒಪ್ಪಿಗೆಯ ಮೊಹರು ಒತ್ತುವವರು ಅವನನ್ನು ಕೇಳಲಿಲ್ಲ.

ಎಲ್ಲವೂ ಕೆಟ್ಟಿದೆಯೆಂದು ಹೇಳಿದರೆ ಅನ್ಯಾಯವಾದೀತು. ಜಕ್ಕೂರಿನಲ್ಲಿ ಕೊಳಚೆ ನೀರನ್ನು ಶುದ್ಧೀಕರಣ ಘಟಕದಲ್ಲಿ ತಿಳಿಗೊಳಿಸಿ, ಜೊಂಡು ಬೆಳೆಸಿದ ಜೌಗು ನೆಲದ ಮೂಲಕ ಸೋಸಿ ಕೆರೆಗೆ ಬಿಡುವ ಏರ್ಪಾಡು ಇದೆ. ಸುತ್ತಮುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಬೆಸ್ತರು ಬಲೆ ಬೀಸುತ್ತಾರೆ. ಸಂಜೆ ಏರಿಯ ಮೇಲೆ ತಿರುಗಾಡಲು ಬಂದ ಹೊಸಬರೂ ಹಳಬರೂ ಎದುರುಬದುರಾಗುತ್ತಾರೆ. ಉಪನಗರದ ಅಂಚಿನ ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸಾರಿತು. ಇವೆರಡಕ್ಕೂ ಬೆನ್ನೆಲುಬಾದವರಲ್ಲಿ ಅಲ್ಲಿಗೆ ಹೊಸದಾಗಿ ಬಂದು ನೆಲೆಸಿದವರೂ ಇದ್ದಾರೆ. ಊರಿಗೆ ಹೊಸಬರು ಬರುವುದೇ ಕೇಡೆಂದು ತಿಳಿಯುವವರು, ಅವತಿಯಿಂದ ಬಂದ ಜಯಗೌಡನೂ ಒಂದು ದಿನ ಹೊಸಬನೇ ಆಗಿದ್ದನೆಂಬುದನ್ನು ನೆನೆಯಬಹುದು.

ಆ ವಿದ್ಯಾರ್ಥಿನಿಗೆ ನಾನು ಒಂದು ಕೆಲಸ ಒಪ್ಪಿಸಿದ್ದೆ: ಮನೆಯ ಸುತ್ತಮುತ್ತಲಿನ ಬೀದಿಗಳಿಗೆ ಈ ಮುಂಚೆ ಇದ್ದ ಹೆಸರುಗಳನ್ನು ಅಜ್ಜಿಯಿಂದ ಕೇಳಿ ಬರೆದುಕೊಂಡು ಬರಬೇಕೆಂದು. ಎರಡು ವಾರದ ಮೇಲೆ ನಾಲ್ಕು ಪುಟ ಬರೆದು ತಂದಳು. ಬೀದಿಗಳಿಗಿಂತ ಹೊಲಗಳ ಹೆಸರುಗಳೇ ಹೆಚ್ಚಾಗಿದ್ದವು. ಯಾವ ಹೊಲದ ಬದುವಿನಲ್ಲಿ ಹುಣಿಸೆಯ ಮರವಿತ್ತು, ಯಾವ ಗದ್ದೆಗೆ ಮೊದಲ ತೂಬಿನ ನೀರು ಬರುತ್ತಿತ್ತು, ಎಲ್ಲಿ ಮಳೆಗಾಲದಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತಿತ್ತು, ಎಲ್ಲವನ್ನೂ ಮುದುಕಿ ಹೇಳಿದ್ದರು. ಕೊನೆಯದರ ಎದುರಿಗೆ ಹುಡುಗಿ ಈಗ ಅಲ್ಲಿರುವ ಬಡಾವಣೆಯ ಹೆಸರನ್ನು ಬರೆದು ಕೆಳಗೆ ಗೆರೆ ಎಳೆದಿದ್ದಳು.

ಯಲಹಂಕವನ್ನು ನೋಡಬಯಸುವ ವಾಚಕರು ಕಾರನ್ನು ಮನೆಯಲ್ಲಿ ಬಿಟ್ಟು, ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ರೈಲು ಹಿಡಿಯುವುದು ಲೇಸು. ಪುಟ್ಟ ಹಳಿ ಈಗಿಲ್ಲ. ಅದರ ಜಾಡಿನಲ್ಲಿ ಅಗಲ ಹಳಿ ಬಂದಿದೆ. ಯಲಹಂಕದಲ್ಲಿ ಇಳಿದು ಹಳೆಯ ಪೇಟೆಯನ್ನೂ ಕೆರೆಯ ಏರಿಯನ್ನೂ ನೋಡಲು ಅರ್ಧ ದಿನ ಸಾಕು. ಬಿಡುವಿದ್ದವರು ಅದೇ ದಾರಿಯಲ್ಲಿ ಮುಂದೆ ಸಾಗಬಹುದು. ದೇವನಹಳ್ಳಿಯಾಚೆ ಹಳೆಯ ಕಾಲದ ಕಟ್ಟಡವುಳ್ಳ ಒಂದು ಸಣ್ಣ ನಿಲ್ದಾಣ ಬರುತ್ತದೆ. ಅದೇ ಅವತಿಹಳ್ಳಿ, ಅಲ್ಲಿಂದ ಬೆಟ್ಟ ಕಾಣಿಸುತ್ತದೆ.